ಬತ್ತಿದ ನಲ್ಲಿಯ ಬಿಲ್ಲು ಕೇಳಿದ ಮಸ್ಕತ್ತಿನ ಬ್ಯಾಂಕಿಗೆ

ಮಾನ್ಯರೇ,

ಮಸ್ಕತ್ತಿನಲ್ಲಿ ತಂಪು ಗಾಜಿನ ಹಿಂದೆ ಕುಳಿತು ಪರದೇಶಿಗಳ ಹಣೆಬರಹ ಪರಿಶೀಲಿಸುವ ಶಾಖಾ ವ್ಯವಸ್ಥಾಪಕ ಮಹಾಶಯರಾದ ತಮಗೆ ಬೀದರಿನ ಬಿಸಿಲಿನಿಂದ ಸಾಷ್ಟಾಂಗ ನಮಸ್ಕಾರ. ನೆಲ ಕಾದಿರುವುದರಿಂದ ಬೇಗ ಎದ್ದುಬಿಟ್ಟರೆ ಕ್ಷಮಿಸಬೇಕು.

ನನ್ನ ಅಕ್ಕ ರೋಸಮ್ಮನ ಮಗಳು ದೇಬೋರಾ ತಮ್ಮೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಮಳೆ ಕೈಕೊಟ್ಟ ಈ ಮೂರನೆಯ ವರ್ಷ ನಮ್ಮ ಔರಾದ ಸೀಮೆಯ ಜನ ಹೈದರಾಬಾದು, ಪುಣೆ ಎಂದು ಗಂಟು ಕಟ್ಟಿದಾಗ ಅವಳು ಇನ್ನೊಂದಿಷ್ಟು ದೂರ ಹೋದಳು, ಅಷ್ಟೇ. ಈ ಗುರುವಾರದೊಳಗೆ ತಮ್ಮಲ್ಲಿ ಸಂಬಳದ ಖಾತೆ ತೆರೆಯದಿದ್ದರೆ ಆಸ್ಪತ್ರೆಯವರು ಅವಳನ್ನು ವಾಪಸು ವಿಮಾನ ಹತ್ತಿಸುತ್ತಾರೆ. ಪಾಸ್‌ಪೋರ್ಟು ಹಿಡಿದು ಬಂದವಳಿಗೆ ತಾವು, ಇದರಿಂದ ನೀನು ಇದ್ದೀಯೆಂದು ತಿಳಿಯಿತೇ ಹೊರತು ಎಲ್ಲಿಯವಳೆಂದು ತಿಳಿಯಲಿಲ್ಲ, ತವರುಮನೆಯ ಕರೆಂಟಿನದೋ ನೀರಿನದೋ ಕಳೆದ ತಿಂಗಳ ಬಿಲ್ಲು ತಾ ಎಂದಿರಿ. ಎಂಥ ಸೂಕ್ಷ್ಮದೃಷ್ಟಿ!

ಕರೆಂಟಿನ ಬಿಲ್ಲು ಕರ್ತನ ಸನ್ನಿಧಿ ಸೇರಿ ಎಷ್ಟೋ ಕಾಲವಾದ ನಮ್ಮಜ್ಜ ಸಿಲಾಸರ ಹೆಸರಿನಲ್ಲಿದೆ. ಹಾಗಾದರೆ ಅವರ ಒಪ್ಪಿಗೆ ಪತ್ರ ಬೇಕೆಂದಿರಿ. ಅಜ್ಜ ಹೋಗಿರುವ ದೇಶದಲ್ಲಿ ತಮ್ಮ ಶಾಖೆಯಿದ್ದರೆ ಅಲ್ಲಿಂದಲೇ ತರಿಸಿಕೊಳ್ಳಬೇಕಾಗಿ ವಿನಂತಿ.

ಇನ್ನು ನೀರು. ಅಕ್ಕನ ಊರಿನ ಹೆಸರು ಬರೆಯುತ್ತಿಲ್ಲ, ಬರೆದರೆ ಅದಕ್ಕೂ ಪುರಾವೆ ಕೇಳುತ್ತೀರಿ. ಅಲ್ಲಿಯ ನಲ್ಲಿ ಕೆಮ್ಮುವುದನ್ನೂ ಬಿಟ್ಟಿದೆ. ಟ್ಯಾಂಕರು ಬರುವ ಮೊದಲೇ ಮನೆಗೊಂದರಂತೆ ಕೊಡಗಳು ಸಾಲು ನಿಲ್ಲುತ್ತವೆ. ಅಕ್ಕನ ಮನೆಯ ವಿಳಾಸಕ್ಕೆ ಪುರಾವೆ ಏನಾದರೂ ಇದೆಯೇ ಎಂದು ಟ್ಯಾಂಕರಿನ ಅಮೀರ ಪಾಶಾನನ್ನು ವಿಚಾರಿಸಿದೆ. "ಪತ್ತಾ ಗಿತ್ತಾ ಯಾಕ ಬೇಕ್ರಿ? ಸೊಟ್ಟ ಬಾಯಿದು ರೋಸಮ್ಮಾಯಿ ಕೊಡ, ತೂತಿಗಿ ಡಾಂಬರ ಹಚ್ಚಿದ್ದು ಕೌಸಲ್ಯಾಬಾಯಿದು. ಕೊಡ ನೋಡಿ ಮನಿ ಹೇಳ್ತೇನ್ರಿ" ಎಂದ. ಆದ್ದರಿಂದ ಆ ಸೊಟ್ಟ ಕೊಡವನ್ನೇ ತಮ್ಮ ಕೌಂಟರಿಗೆ ಕಳಿಸಲು ಸಿದ್ಧರಿದ್ದೇವೆ. ಪರಿಶೀಲನೆ ಮುಗಿದ ಮೇಲೆ ದಯವಿಟ್ಟು ತುಂಬಿಸಿ ಕಳಿಸಿ. ಸಮುದ್ರವನ್ನೇ ಸಿಹಿ ಮಾಡಿಕೊಂಡು ಕುಡಿಯುವ ತಮಗೆ ಅದೇನು ಭಾರ?

ತಾವು ಕೊಡ ಒಪ್ಪಲಾರಿರಿ ಎಂದು ಅಕ್ಕ ಕೊನೆಗೆ ಪಂಚಾಯ್ತಿ ಗುಮಾಸ್ತ ಹಾವಗೆಪ್ಪನ ಬಳಿ ಹೋದಳು. "ಅಕ್ಕಾರ, ನೀರ ಕೇಳಬ್ಯಾಡ್ರಿ, ಅದು ನನ್ನ ಕೈಯಾಗಿಲ್ಲ. ಬಿಲ್ಲೇನ್ರಿ? ಕೂಡ್ರಿ, ಎಷ್ಟ ಬೇಕ ಅಷ್ಟ ಕೊಡ್ತೇನಿ!" ಎಂದು ಆ ಪುಣ್ಯಾತ್ಮ ಗುಂಡು ಮೊಹರು ಒತ್ತಿ, 'ಸರಬರಾಜು: ನಿರಂತರ' ಎಂದು ಬರೆದೇ ಕೊಟ್ಟ. ಅಕ್ಕ ಇಂದು ಬೆಳಿಗ್ಗೆ ಬೀದರಿಗೆ ತಂದ ಅದನ್ನು ನಾನೇ ಸ್ಕ್ಯಾನ್ ಮಾಡಿ ದೇಬೋರಾಳಿಗೆ ಕಳಿಸಿ, ಕಾಗದವನ್ನು ಅಕ್ಕನ ಕೈಗೇ ಮರಳಿಸಿದ್ದೇನೆ. ಅಕ್ಷರಕ್ಷರವೂ ಸುಳ್ಳಾಗಿರುವುದರಿಂದ ತಮ್ಮ ನಿಯಮಗಳಿಗೆ ಪೂರ್ತಿ ಒಪ್ಪುತ್ತದೆಂದು ನಂಬಿದ್ದೇನೆ.

ಬಿಲ್ಲು ತೋರಿಸದೆಯೂ ತಮ್ಮ ವಿಶ್ವಾಸಿ,
ಆಲ್ಬರ್ಟ
ಬೀದರ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ದೇಬೋರಾಳ ಫೋನು ಬಂತು; ಬಿಲ್ಲು ಕಂಡ ಕೂಡಲೇ ತಾವು ಎದ್ದು ನಿಂತು ಖಾತೆ ತೆರೆದುಕೊಟ್ಟಿರಂತೆ. ಧನ್ಯೋಸ್ಮಿ. ಈಗ ಅಕ್ಕ ಅದೇ ಬಿಲ್ಲು ಹಿಡಿದು ಪಂಚಾಯ್ತಿ ಬಾಗಿಲಲ್ಲಿ ಕೂತಿದ್ದಾಳೆ: "ನಮ್ಮ ಮನಿಗಿ ನೀರ ಬರ್ತದಂತ ಮಸ್ಕತ್ತಿನ ಬ್ಯಾಂಕೇ ನಂಬ್ಯದ. ನಿಮಗ್ಯಾಕ ನಂಬಿಕಿ ಇಲ್ರಿ? ಬಿಡ್ರಿ ನೀರ!" ಹಾವಗೆಪ್ಪ ಬೆವರುತ್ತ ನನಗೆ ಫೋನು ಮಾಡಿ ತಮ್ಮ ನಂಬರು ಕೇಳುತ್ತಿದ್ದಾನೆ. ಕೊಡಲೇ?