ಕೂಸಿಗೆ ಹೆಣೆದ ಜಗತ್ತು

ಗಂಡಸು ಹೆಣಿಗೆ ಕಡ್ಡಿ ಹಿಡಿದು ಕೂತರೆ ಸಾಕು, ನಗುವ ಸಂಗತಿಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ನಾನು ಗದಗಿನವನು, ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದ ಬ್ಯಾಂಕ್ ಅಧಿಕಾರಿ. ಹೆಣಿಗೆ ಅವ್ವ ಕಲಿಸಿದ್ದು. ವಿಜಯವಾಡದ ತೆಲುಗು ಮನೆ ಸೇರಿದ ನನ್ನ ತಂಗಿಗೆ ಹೆಣ್ಣು ಕೂಸು ಹುಟ್ಟಿತು. ಅಪ್ಪ, ಅವ್ವ ಇಬ್ಬರೂ ಇಲ್ಲದ ಮೇಲೆ ಅವಳ ತವರೆಂದರೆ ನಾನೊಬ್ಬನೇ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬೀಗರ ಮುಂದೆ ಅವಳ ತಲೆ ತಗ್ಗಬಾರದು. ಅಂಗಡಿಯ ಹೊದಿಕೆ ಯಾರು ಬೇಕಾದರೂ ತಂದಾರು. ನಾನು ಇಡೀ ಜಗತ್ತಿನ ನಕ್ಷೆಯನ್ನೇ ಹೊದಿಕೆಯಾಗಿ ಹೆಣೆದು ಒಯ್ಯುತ್ತೇನೆಂದು ಹಠ ಹಿಡಿದೆ.

ನೀಲಿ ನೂಲು

ಈ ಊರಿನ ಸೆಕೆಗೆ ಉಣ್ಣೆಯ ಮಾತೇ ಬೇಡ, ಹತ್ತಿ ನೂಲೇ ಗತಿ. ನೂಲಿನ ಅಂಗಡಿಯಲ್ಲಿದ್ದ ನೀಲಿ ಉಂಡೆಗಳನ್ನೆಲ್ಲ ಕಟ್ಟಿಕೊಡಲು ಹೇಳಿದೆ.

“ಇಷ್ಟು ನೀಲಿ ಯಾಕೆ ಸಾರ್?” ಎಂದ ಅಂಗಡಿಯವನು.

“ಸಮುದ್ರ ಮಾಡಬೇಕು.”

ಅವನು ಕನಿಕರದಿಂದ ನೋಡಿದ. “ಊರಿಗೆ ಹೊಸಬರಾ? ರೆಡಿಮೇಡ್ ಸಮುದ್ರ ಇದೆಯಲ್ಲ ಸಾರ್, ಇದೇ ರಸ್ತೆಯ ಕೊನೆಗೆ.”

ಒಂದು ಕುಣಿಕೆಯ ಊರು

ಊರಂಚಿನ ಪೆಂಡುರ್ತಿಯಲ್ಲಿ ನಾನಿದ್ದ ಮನೆಯ ಒಡತಿ ಸಂಜೆಯಾದರೆ ಹೆಣಿಗೆ ನೋಡಲು ಬರುವರು. ಭಾರತ ಮೂಡುತ್ತಿದ್ದಾಗ “ನಮ್ಮ ಊರೆಲ್ಲಿ ಸಾರ್?” ಎಂದರು. ಒಂದು ಕುಣಿಕೆ ತೋರಿಸಿದೆ. “ವಿಜಯವಾಡ?” “ಅದೂ ಇದರಲ್ಲೇ.” “ಹೈದರಾಬಾದು?” “ಅದೂ ಇಲ್ಲೇ ಹಿಡಿಸುತ್ತೆ.”

ಅವರ ಮುಖ ಬಿಗಿಯಾಯಿತು. “ಅಯ್ಯೋ, ನಾವು ಬೇರೆ ಬೇರೆ ರಾಜ್ಯವಾಗಿ ಎಷ್ಟು ಕಾಲವಾಯಿತು! ದಯವಿಟ್ಟು ಆ ಕುಣಿಕೆ ಬಿಚ್ಚಿ.”

ರೈಲಿನಲ್ಲಿ

ವಿಜಯವಾಡಕ್ಕೆ ಹೊರಟಾಗಲೂ ಉತ್ತರ ಧ್ರುವದ ಸಮುದ್ರ ಬಾಕಿ ಇತ್ತು. ಕಿಟಕಿಯ ಪಕ್ಕ ಹೆಣೆಯುತ್ತಿದ್ದೆ. ಗೋದಾವರಿ ಬಂತು, ಸೇತುವೆಯ ಸದ್ದಿಗೆ ಕಣ್ಣು ಎಳೆಯಿತು. ನೀರಿನ ಮೇಲೆ ಕೂತು ಹೆಣೆಯುತ್ತಿದ್ದೇನೆ, ಹೆಣೆದಷ್ಟೂ ನೀರು ಅಗಲವಾಗುತ್ತಿದೆ ಎಂದು ಕನಸು. ಎಂಥ ಸುಖವಾಗಿತ್ತು! ಎಚ್ಚರವಾದಾಗ ಉಂಡೆ ಬೋಗಿಯ ತುದಿಗೆ ಉರುಳಿತ್ತು. “ನನ್ನ ಸಮುದ್ರ, ತುಳಿಯಬೇಡಿ” ಎನ್ನುತ್ತ ನಾನು ನೂಲು ಸುತ್ತತೊಡಗಿದೆ. ಜನ ಪಾಪ, ಸಾಲಾಗಿ ಕಾಲೆತ್ತಿ ಕೂತರು.

ಟಿಕೆಟ್ ನೋಡುವವರು ಬಂದು ತಬ್ಬಿಬ್ಬಾದರು. “ಎಲ್ಲರೂ ಯಾಕೆ ಕಾಲೆತ್ತಿದ್ದೀರಿ?”

ಒಬ್ಬ ಅಜ್ಜಿ ಹೇಳಿದರು, “ಈ ಸಾರ್ ಅವರ ಸಮುದ್ರ ವಾಪಸ್ ಹೋಗ್ತಾ ಇದೆ ಬಾಬು. ಆಮೇಲೆ ಬನ್ನಿ.”

ತೊಟ್ಟಿಲು

ವಿಜಯವಾಡದ ಭವಾನಿಪುರಂನಲ್ಲಿ ಬೀಗರ ಮನೆ ತುಂಬ ನೆಂಟರು. ತಂಗಿಯ ಅತ್ತೆ ಭೂಗೋಳ ಕಲಿಸಿ ನಿವೃತ್ತರಾದ ಟೀಚರ್. ಹೊದಿಕೆ ಬಿಡಿಸಿ ಎತ್ತಿ ಹಿಡಿದರು. ಭಾರತದ ಅಂಚನ್ನು ಬೆರಳಿನಿಂದ ಸವರಿದರು. ಆಮೇಲೆ ಮೆಲ್ಲಗೆ, “ಬಾಬುಗಾರು, ನಮ್ಮ ವಿಶಾಖಪಟ್ಟಣ ಪಶ್ಚಿಮ ಕರಾವಳಿಗೆ ಯಾವಾಗ ಹೋಯಿತು?” ಎಂದರು.

ಬಗ್ಗಿ ನೋಡಿದೆ. ಹೆಣಿಗೆಗೆಂದು ಚೌಕಗಳಲ್ಲಿ ಬರೆದ ನಕ್ಷೆಯ ಮೊದಲ ಸಾಲನ್ನು ಬಲದಿಂದ ಎಡಕ್ಕೆ ಓದಬೇಕು. ನಾನು ಪುಸ್ತಕ ಓದುವ ರೂಢಿಯಲ್ಲಿ ಎಡದಿಂದ ಶುರು ಮಾಡಿದ್ದೆ. ಮಡಿಲಲ್ಲಿ ಮುದ್ದೆಯಾಗಿದ್ದ ಜಗತ್ತು ಪೂರ್ತಿ ಹರಡಿ ಕಂಡದ್ದು ಅವತ್ತೇ. ಕನ್ನಡಿಯಲ್ಲಿ ಕಂಡಂತೆ ಎಲ್ಲವೂ ಅದಲುಬದಲು!

“ಯಣ್ಣಾ, ಜಗತ್ತೆಲ್ಲ ಉಲ್ಟಾ ಆಗೇತಲ್ಲೋ!” ತಂಗಿಯ ಕಣ್ಣು ತುಂಬಿತು. ನನಗೆ ಭೂಮಿ ಬಾಯ್ಬಿಟ್ಟರೆ ಸಾಕೆನಿಸಿತು.

ಅತ್ತೆ ಕೂಸನ್ನು ಮಲಗಿಸಿ, ಹೊದಿಕೆಯನ್ನು ತೊಟ್ಟಿಲ ಮೇಲೆ ಚಪ್ಪರದಂತೆ ಹರಡಿ, ತಲೆ ಒಳಗೆ ತೂರಿಸಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖ ಅರಳಿತ್ತು. “ಒಳಗಿನಿಂದ ಎಲ್ಲ ಸರಿಯಾಗಿದೆ. ಇದು ಮಲಗಿದವಳಿಗಾಗಿ ಹೆಣೆದದ್ದು, ಸುತ್ತ ನಿಂತವರಿಗಲ್ಲ. ಇಂಥ ತವರು ಯಾರಿಗುಂಟು!”

ತಂಗಿ ಅಳುತ್ತಲೇ ನಕ್ಕಳು. ನಾನೂ ತಲೆ ತೂರಿಸಿದೆ. ನೂಲಿನ ಸಂದಿಯಿಂದ ನೀಲಿ ಬೆಳಕು ಸೋರುತ್ತಿತ್ತು. ಕೂಸು ಆಫ್ರಿಕಾವನ್ನೇ ನೋಡುತ್ತ ಮಲಗಿತ್ತು. ಹೊರಗೆ ಬರಲು ಮನಸ್ಸಾಗಲಿಲ್ಲ, ನೆಂಟರು ಎಳೆದು ಹಾಕಿದರು. ಆಮೇಲೆ ಅವರದೇ ಸರದಿ ಸಾಲು.

ಮುಹೂರ್ತ ಮೀರುತ್ತಿತ್ತು. ಹೆಸರಿಡಬೇಕು, ಪುರೋಹಿತರೇ ಇಲ್ಲ! ಅಡುಗೆಮನೆ, ಜಗಲಿ ಎಲ್ಲ ಹುಡುಕಿದೆವು. ಕೊನೆಗೆ ನೋಡಿದರೆ ತೊಟ್ಟಿಲ ಹೊರಗೆ ಅವರ ಪಂಚೆ ಮಾತ್ರ ಕಾಣುತ್ತಿತ್ತು. ಕೂಗಿದೆವು.

ಒಳಗಿನಿಂದ ದನಿ ಬಂತು: “ಒಕ್ಕ ನಿಮಿಷಂ! ಕಾಶಿ ಇನ್ನೂ ಸಿಕ್ಕಿಲ್ಲ.”