ಕಿನುವಿನ ಏಪ್ರನ್

ಎಲ್ಲ ತಾಪತ್ರಯಕ್ಕೂ ಮೂಲ ಕಿನುವಿನ ಬಿಳಿ ಏಪ್ರನ್. ಜಪಾನಿನ ಹೊಕ್ಕೈಡೊದ ಒಂದು ಜವುಗಿನ ಕ್ರೌಂಚಗಳು ಎಷ್ಟೋ ಚಳಿಗಾಲ ಅದೊಂದನ್ನೇ ನಂಬಿ ಬದುಕಿದ್ದವು. ಏಪ್ರನ್, ಹೂವಿನ ತಲೆವಸ್ತ್ರ, ಕೈಯಲ್ಲಿ ಜೋಳದ ಬಕೆಟ್ಟು ಕಂಡರೆ ಸಾಕು, ಇಳಿದು ಬರುತ್ತಿದ್ದವು. ಗಂಡ ಟೊಕುಜೊ ಹೋದರೆ ಮುಖ ತಿರುಗಿಸಿ ನಿಲ್ಲುತ್ತಿದ್ದವು. ಕಳೆದ ಬೇಸಿಗೆಯಲ್ಲಿ ಕಿನು ತೀರಿಕೊಂಡಳು. "ನನ್ನ ಹಕ್ಕಿಗಳನ್ನ ನೋಡ್ಕೊಳ್ಳಿ ರೀ" ಎಂಬುದೇ ಅವಳ ಕಡೆಯ ಮಾತು.

ಸರ್ಕಾರದ ನೀತಿಯೂ ಆಗಲೇ ಬದಲಾಗಬೇಕೇ! ಇನ್ನು ಕಾಳು ಹಾಕುವಂತಿಲ್ಲ. ಹಕ್ಕಿ ತಾನಾಗಿ ಬಂದಿಳಿಯುವ ಜಾಗ ಮಾತ್ರ ರಕ್ಷಿತಧಾಮ, ಮಿಕ್ಕದ್ದು ಸೌರಫಲಕದವರಿಗೆ. ಇವತ್ತು ಅಧಿಕಾರಿ ನೋಡಲು ಬರುವವನಿದ್ದ. ಕ್ರೌಂಚಗಳೋ, ದಿನಾ ಮೇಲೊಂದು ಸುತ್ತು ಹಾಕಿ, ಯಾರನ್ನೋ ಹುಡುಕಿ, ಇಳಿಯದೆ ಹೋಗಿಬಿಡುತ್ತಿದ್ದವು.

ಪಕ್ಕದ ಮನೆಯ ತೊಮೆ ಬೆಳಿಗ್ಗೆಯೇ ಉಪಾಯ ಹೊತ್ತು ತಂದಳು.

"ಕಾಳು ಹಾಕ್ಬೇಡಿ ಅಂದಿದಾರೆ ಅಷ್ಟೇ. ಏಪ್ರನ್ ಕಟ್ಕೋಬೇಡಿ ಅಂದಿಲ್ವಲ್ಲ?"

"ನಿಂಗೆ ತಲೆ ಕೆಟ್ಟಿದ್ಯಾ ತೊಮೆ?"

"ಸರಿ ಬಿಡಿ ಅಣ್ಣ, ಜವುಗಿನ ತುಂಬ ಫಲಕ ನೆಡ್ಲಿ."

ಟೊಕುಜೊ ಮನೆಯ ಪೂಜಾಗೂಡಿನಲ್ಲಿದ್ದ ಹೆಂಡತಿಯ ಫೋಟೋಗೆ ತಲೆಬಾಗಿ, "ಒಂದು ಗಳಿಗೆ ಕಣೇ" ಎಂದು ಅಪ್ಪಣೆ ಕೇಳಿ ಏಪ್ರನ್ ತೆಗೆದ. ಅದು ಅವನ ಹೊಟ್ಟೆಯನ್ನು ಅರ್ಧ ಮಾತ್ರ ಸುತ್ತಿತು. ತೊಮೆ ಹಗ್ಗ ಸೇರಿಸಿ ಬಿಗಿದಳು, ತಲೆಗೆ ಹೂವಿನ ವಸ್ತ್ರ ಸುತ್ತಿ ಖಾಲಿ ಬಕೆಟ್ಟು ಕೈಗಿತ್ತಳು.

"ಆ ದಾಪುಗಾಲು ಬೇಡ! ಅವಳು ಸೊಂಟ ಬಗ್ಗಿಸಿ, ಪುಟಪುಟ ನಡೀತಿದ್ಲು."

"ಗೊತ್ತು. ಗಂಡ ನಾನು, ನೀನಲ್ಲ."

ಜವುಗಿನಂಚಿನ ರಸ್ತೆಗೆ ಬರುತ್ತಲೇ ಅಂಚೆಯವನು ಎದುರಾದ. ಅಭ್ಯಾಸಬಲದಿಂದ "ನಮಸ್ಕಾರ ಕಿನು ಅಕ್ಕ" ಎಂದ. ಅವಳ ಶವಪೆಟ್ಟಿಗೆಗೆ ತಾನೇ ಹೆಗಲು ಕೊಟ್ಟದ್ದು ಆಮೇಲೆ ನೆನಪಾಗಿ, "ಅಯ್ಯಯ್ಯೋ!" ಎಂದು ಕಿರುಚಿ ಗಾಡಿಸಮೇತ ಹಿಮದ ಗುಂಡಿಗೆ ಇಳಿದ. ಅವನನ್ನು ಎತ್ತುತ್ತಿರುವಾಗಲೇ ಅಧಿಕಾರಿಯ ಕಾರು ಬಂತು.

ಟೊಕುಜೊ ಜವುಗಿಗೆ ಇಳಿಯುವಷ್ಟರಲ್ಲಿ ಆಕಾಶದಲ್ಲಿ ಕೂಗು ಕೇಳಿಸಿತು. ಒಂದು ಇಳಿಯಿತು, ಹಿಂದೆ ಇನ್ನೊಂದು, ಆಮೇಲೆ ಹಿಂಡಿಗೆ ಹಿಂಡೇ. ಟೊಕುಜೊವಿನ ಸುತ್ತ ಕುಣಿದವು. ಮುದುಕನ ಕಣ್ಣು ತುಂಬಿ ಬಂತು.

"ಕಾಳು ಹಾಕಿದ್ರಾ ಅಜ್ಜ?" ಎಂದ ಅಧಿಕಾರಿ.

"ನೋಡಿ ಸ್ವಾಮಿ, ಬಕೆಟ್ಟು ಖಾಲಿ. ತಾವಾಗೇ ಬಂದಿವೆ."

"ಹಾಗಾದ್ರೆ ಧಾಮ ಉಳೀತು!"

ಇಷ್ಟಕ್ಕೇ ಸುಮ್ಮನಿದ್ದರೆ ಅವಳು ತೊಮೆ ಹೇಗಾದಾಳು? "ಉಪಾಯ ನಂದು ಸಾರ್! ಕಿನು ವೇಷ ಹಾಕಿದ್ರೆ ಬರ್ದೆ ಇರ್ತಾವಾ?" ಎಂದುಬಿಟ್ಟಳು.

ಅಧಿಕಾರಿಯ ನಗು ಇಳಿಯಿತು.

"ಅಂದ್ರೆ ಇವು ಬಂದಿದ್ದು ಜವುಗಿಗಲ್ಲ, ಕಿನು ಅವರಿಗೆ. ಮನುಷ್ಯರಿಗೆ ಒಗ್ಗಿದ ಹಕ್ಕೀನ ಬೆದರಿಸಿ ಓಡಿಸ್ಬೇಕು ಅಂತ ಹೊಸ ನೀತಿ, ಅಜ್ಜ. ಆಮೇಲೂ ತಾವಾಗಿ ಬಂದ್ರೆ ಜಾಗ ಉಳಿಯತ್ತೆ."

"ಯಾರು ಓಡಿಸೋದು?"

"ನೀವೇ. ಇದೇ ಬಟ್ಟೇಲಿ. ಅವರ ಮೇಲಿನ ನಂಬಿಕೆ ಹೋಗ್ಬೇಕಲ್ಲ... ದಯವಿಟ್ಟು ಕ್ಷಮಿಸಿ."

ಟೊಕುಜೊ ಬಕೆಟ್ಟು ಬಡಿದ. ಕ್ರೌಂಚಗಳು ಇನ್ನೂ ಹತ್ತಿರ ಬಂದವು. ಕಿನು ಅವುಗಳನ್ನು ಕರೆಯುತ್ತಿದ್ದದ್ದೇ ಹಾಗೆ. "ಹೋಗ್ರೋ, ಹೋಗಿ!" ಎಂದು ಕೂಗಿದ. ತಲೆಯೋರೆ ಮಾಡಿ ನೋಡಿದವು. ಕೊನೆಗೆ ಹಿಮದ ಉಂಡೆ ಮಾಡಿ ಎಸೆದ. ಒಂದರ ಎದೆಗೆ ತಾಗಿತು. ಎಲ್ಲವೂ ಒಮ್ಮೆಗೇ ಎದ್ದು ಹಾರಿಹೋದವು.

ಮನೆಗೆ ಬಂದು ಏಪ್ರನ್ ಒದರಿ, ಮಡಿಸಿ, ಫೋಟೋ ಮುಂದಿಟ್ಟ.

"ನೋಡ್ಕೊಳ್ಳಿ ಅಂದಿದ್ದೆ ನೀನು. ಅವುಗಳ ಹತ್ರ ನಿನ್ನ ಹೆಸರೇ ಕೆಡಿಸಿ ಬಂದೆ ಕಣೇ" ಎಂದ.