ಮನ್ನೂಬಿಯಾ ಮೇಡಂ ಪರವಾಗಿ ನಿವೃತ್ತಿ

ಐನ್ ರುಮ್ಮಾನ್ ಪ್ರಾಥಮಿಕ ಶಾಲೆಯ ನಾಲ್ಕನೇ ತರಗತಿಗೆ ಮನ್ನೂಬಿಯಾ ಮೇಡಂ ಆರು ವರ್ಷಗಳಿಂದ ಒಂದು ದಿನವೂ ತಪ್ಪದೆ ಪಾಠ ಮಾಡಿದ್ದಾರೆಂದು ಹಾಜರಿ ಪುಸ್ತಕ ಹೇಳುತ್ತದೆ. ಆ ಆರು ವರ್ಷವೂ ಮೇಡಂ ಸ್ಫಾಕ್ಸ್ ನಗರದಲ್ಲಿ ಮಗಳ ಮನೆಯಲ್ಲಿದ್ದರು ಎಂಬುದು ಇದಕ್ಕೆ ಅಡ್ಡಿಯಾಗಲಿಲ್ಲ. ಅವರ ಮಂಡಿಗೆ ಮೆಟ್ಟಿಲು ಹತ್ತಲಾಗದ ಕಾಯಿಲೆ. ಶಾಲೆಯಲ್ಲಿ ಮೆಟ್ಟಿಲುಗಳೇ ಇಲ್ಲ. ಆದರೆ ವೈದ್ಯಕೀಯ ರಜೆಯ ಅರ್ಜಿಯಲ್ಲಿ ಅದನ್ನು ಕೇಳುವ ಕಾಲಂ ಕೂಡ ಇಲ್ಲ.

ಪಾಠ ಮಾಡುತ್ತಿದ್ದವಳು ಸಿಹಾಮ್. ಸಿದ್ಧ ಉಡುಪಿನ ಕಾರ್ಖಾನೆಯ ಕಚೇರಿಯಲ್ಲಿ ಎಂಟು ವರ್ಷ ಕೂತು ಬೇಸತ್ತು, ಟೀಚರ್ ಆಗಿಯೇ ತೀರುತ್ತೇನೆಂದು ಹೊರಬಿದ್ದವಳು. ವಾರವೆಲ್ಲ ಬದಲಿ ಶಿಕ್ಷಕಿ. ಶನಿವಾರ ಬಾಡಿಗೆ ವ್ಯಾನಿನಲ್ಲಿ ಇಕ್ಕಟ್ಟಾಗಿ ಕೂತು ಜಿಲ್ಲಾ ಪಟ್ಟಣಕ್ಕೆ ಹೋಗಿ ಶಿಕ್ಷಣ ಪದವಿಯ ವಿದ್ಯಾರ್ಥಿನಿ. ಮಕ್ಕಳ ಕಣ್ಣಲ್ಲಿ ಕಣ್ಣಿಟ್ಟು ಕಲಿಸುವುದು ಹೇಗೆಂಬುದನ್ನು ಅಲ್ಲಿನ ಪ್ರಾಧ್ಯಾಪಕರು ನೂರಿಪ್ಪತ್ತು ಜನರಿಗೆ ಬೆನ್ನು ತಿರುಗಿಸಿ ಓದಿ ಹೇಳುತ್ತಿದ್ದರು.

ಬದಲಿ ಶಿಕ್ಷಕರ ನಿಯಮಾವಳಿಯ ಒಂಬತ್ತನೇ ಕಲಂ ಸ್ಪಷ್ಟವಾಗಿದೆ: "ಬದಲಿ ಶಿಕ್ಷಕರು ಮೂಲ ಶಿಕ್ಷಕರ ಸಕಲ ಕರ್ತವ್ಯಗಳನ್ನೂ ಅವರ ಪರವಾಗಿ ನಿರ್ವಹಿಸತಕ್ಕದ್ದು." ಆ ಪ್ರಕಾರ ಸಿಹಾಮ್ ಮನ್ನೂಬಿಯಾ ಮೇಡಂ ಪರವಾಗಿ ಸಹಿ ಹಾಕಿದಳು, ಬೈಸಿಕೊಂಡಳು, ವಾರ್ಷಿಕ ಆರೋಗ್ಯ ತಪಾಸಣೆಯನ್ನೂ ಮಾಡಿಸಿಕೊಂಡಳು. ಮಂಡಿ ಅತ್ಯುತ್ತಮವಾಗಿದೆಯೆಂದು ವೈದ್ಯರು ಬರೆದುಕೊಟ್ಟರು. ಅದು ಬದಲಿ ಮಂಡಿಯಾದ್ದರಿಂದ ರಜೆ ಮುಂದುವರಿಯಿತು.

ಸಿಹಾಮ್ ಕಲಿಸಿದ ಮಕ್ಕಳು ಇಡೀ ವಲಯಕ್ಕೇ ಮೊದಲು ಬಂದ ವರ್ಷ ಉತ್ತಮ ಶಿಕ್ಷಕಿ ಪದಕ ಬಂತು. ಅದಕ್ಕೆ ಮಾತ್ರ ಮನ್ನೂಬಿಯಾ ಮೇಡಂ ಖುದ್ದಾಗಿ ಬಂದು, ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ವೇದಿಕೆಯ ಮೆಟ್ಟಿಲುಗಳನ್ನು ಪಟಪಟನೆ ಹತ್ತಿದರು. ಸಿಹಾಮ್ ಕೆಳಗೆ ನಿಂತು ಅವರ ಕೈಚೀಲ ಹಿಡಿದುಕೊಂಡಿದ್ದಳು.

ಈ ವರ್ಷ ಎರಡು ಸಂಗತಿ ಒಟ್ಟಿಗೆ ಬಂದವು. ಸಿಹಾಮ್ ಕೊನೆಯ ಪರೀಕ್ಷೆ ಪಾಸಾದಳು. ಮನ್ನೂಬಿಯಾ ಮೇಡಂಗೆ ಅರವತ್ತೆರಡು ತುಂಬಿತು.

ಮುಖ್ಯೋಪಾಧ್ಯಾಯ ಸಿ ತುಹಾಮಿ ಅವಳನ್ನು ಕೋಣೆಗೆ ಕರೆಸಿದರು.

"ನೋಡಮ್ಮಾ, ಶುಕ್ರವಾರ ಬೀಳ್ಕೊಡುಗೆ. ಮೇಡಂಗೆ ಬರೋಕಾಗಲ್ವಂತೆ. ನೀನೇ ನಿವೃತ್ತಿ ಆಗ್ಬಿಡು."

"ನನಗೆ ಮೂವತ್ತಾರು, ಸಾರ್."

"ವಯಸ್ಸು ಯಾರು ಕೇಳ್ತಾರೆ? ಸಹಿ ಕೇಳ್ತಾರೆ. ನಿವೃತ್ತಿನೂ ಒಂದು ಕರ್ತವ್ಯ ತಾನೆ, ಕೊನೇದು."

"ಇನ್ನು ಮೂರು ವಾರಕ್ಕೆ ನನ್ನ ನೇಮಕಾತಿ ಪಟ್ಟಿ ಬರುತ್ತೆ ಸಾರ್. ಇದರಿಂದ ಏನಾದ್ರೂ ತೊಂದರೆ..."

"ನಿನ್ನ ಬೋಧನಾ ಅಭ್ಯಾಸದ ಪ್ರಮಾಣಪತ್ರ ಇಲ್ಲೇ ಇದೆ," ಎಂದು ಸಿ ತುಹಾಮಿ ಮೇಜಿನ ಖಾನೆಯನ್ನು ಪ್ರೀತಿಯಿಂದ ತಟ್ಟಿದರು. "ಶುಕ್ರವಾರ ಸಂಜೆ ಸಹಿ ಹಾಕಿಕೊಡ್ತೀನಿ."

ಆ ಕಾಗದವಿಲ್ಲದಿದ್ದರೆ ಆರು ವರ್ಷದ ಓದು ನೀರುಪಾಲು. ಸಿಹಾಮ್‌ಗೆ ಮೈಯೆಲ್ಲ ಉರಿಯಿತು. ಆದರೂ ಶುಕ್ರವಾರ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದಳು.

ಖರ್ಜೂರ ತುಂಬಿದ ಮಕ್ರೂದ್, ಪುದೀನ ಚಹಾ, ಭಾಷಣ. "ಮೂವತ್ತೇಳು ವರ್ಷಗಳ ಕಾಲ ಜ್ಞಾನದ ಬೆಳಕು ಚೆಲ್ಲಿದ ಈ ಹಿರಿಯ ಜೀವ ಇನ್ನಾದರೂ ವಿಶ್ರಾಂತಿ ಪಡೆಯಲಿ" ಎಂದು ಸಿ ತುಹಾಮಿ ಸಿಹಾಮ್‌ಳತ್ತ ಕೈ ತೋರಿಸಿದರು. ಸಿಹಾಮ್ ಹುಟ್ಟುವ ಮೊದಲೇ ಶುರುವಾದ ಸೇವೆಯನ್ನು ನೆನೆದು ಅಡುಗೆಯಾಕೆ ಕಣ್ಣೊರೆಸಿಕೊಂಡಳು. ಗೋಡೆ ಗಡಿಯಾರ ಕೊಟ್ಟು, ಅದನ್ನು ಸ್ಫಾಕ್ಸ್‌ಗೆ ಕಳಿಸುವ ವಿಳಾಸವನ್ನೂ ಕೊಟ್ಟರು. ಮುಂದಿನ ಬೆಂಚಿನ ಯುಮ್ನಾ ಎಂಬ ಹುಡುಗಿ ಮೆಲ್ಲಗೆ ಕೇಳಿದಳು, "ಮೇಡಂ, ನೀವು ಯಾವಾಗ ಮುದುಕಿ ಆದ್ರಿ?"

"ಈಗಷ್ಟೇ," ಎಂದು ಸಿಹಾಮ್ ನಿವೃತ್ತರ ಪುಸ್ತಕಕ್ಕೆ ಸಹಿ ಹಾಕಿದಳು. 'ಹಾಜರಿರುವವರ ಗುರುತಿನ ಚೀಟಿ ಸಂಖ್ಯೆ' ಎಂಬ ಕಡೆ ತನ್ನದನ್ನೇ ಬರೆದಳು. ಹಾಜರಿದ್ದವಳು ಅವಳೇ.

ಮೂರು ವಾರಕ್ಕೆ ಪಟ್ಟಿ ಬಂತು. ಖಾಯಂ ಶಿಕ್ಷಕಿ, ಅದೇ ಶಾಲೆ, ಅದೇ ನಾಲ್ಕನೇ ತರಗತಿ. ಸಿಹಾಮ್ ಆ ಹಾಳೆಯನ್ನು ಎದೆಗವಚಿಕೊಂಡು ಶಿಕ್ಷಣ ಕಚೇರಿಗೆ ಓಡಿದಳು. ಗುಮಾಸ್ತ ಲಜ್ಹರ್ ಅವಳ ಚೀಟಿಯ ಸಂಖ್ಯೆ ನೋಡಿ, ಕನ್ನಡಕ ಒರೆಸಿ, ಮತ್ತೊಮ್ಮೆ ನೋಡಿದ.

"ನೀವು ನಿವೃತ್ತರಾಗಿದ್ದೀರಲ್ಲ ಮೇಡಂ. ನಿವೃತ್ತರನ್ನ ನೇಮಕ ಮಾಡೋಕೆ ಬರಲ್ಲ."

"ನಾನಿನ್ನೂ ಕೆಲಸಕ್ಕೇ ಸೇರಿಲ್ಲ ಕಣಪ್ಪಾ."

"ಸೇರದೇನೇ ನಿವೃತ್ತರಾದ್ರಾ?" ಲಜ್ಹರ್ ದನಿ ತಗ್ಗಿಸಿದ. "ಅದು ಇನ್ನೂ ದೊಡ್ಡ ತಪ್ಪು. ಎಲ್ಲೂ ಬಾಯಿ ಬಿಡಬೇಡಿ."

"ಹಾಗಾದ್ರೆ ಪಿಂಚಣಿನಾದ್ರೂ ಕೊಡಿ."

"ಅದು ಮೂಲ ಶಿಕ್ಷಕರಿಗೆ. ನಿವೃತ್ತಿ ಮಾತ್ರ ನಿಮ್ಮದು."

ಸಿಹಾಮ್‌ಗೆ ಅಳು ಬಂತು. ಲಜ್ಹರ್ ಕೆಟ್ಟವನಲ್ಲ, ಎದ್ದು ಹೋಗಿ ನಿಯಮಾವಳಿ ತಂದು ಹನ್ನೊಂದನೇ ಕಲಂ ತೆಗೆದ.

"ನೋಡಿ, ದಾರಿ ಇದೆ. ಸಿಹಾಮ್ ಅನ್ನೋರು ಈ ಹುದ್ದೆಗೆ ನೇಮಕ ಆಗಿದ್ದಾರೆ, ಆದ್ರೆ ನಿವೃತ್ತಿ ಕಾರಣಕ್ಕೆ ಬಂದು ಸೇರೋಕಾಗ್ತಿಲ್ಲ. ಅವರ ಜಾಗಕ್ಕೆ ಬದಲಿ ಬೇಕೇ ಬೇಕು. ನಿವೃತ್ತರು ಬದಲಿಯಾಗಿ ಕೆಲಸ ಮಾಡಬಹುದು."

ಸೋಮವಾರ ಸಿಹಾಮ್ ಹಾಜರಿ ಪುಸ್ತಕದಲ್ಲಿ "ಸಿಹಾಮ್ ಪರವಾಗಿ, ಸಿಹಾಮ್" ಎಂದು ಬರೆದಳು. ಸಿ ತುಹಾಮಿ ಇಣುಕಿ ನೋಡಿ, "ಸಹಿ ಸ್ವಲ್ಪ ಬೇರೆ ಥರ ಹಾಕಮ್ಮಾ, ನಾಳೆ ಆಕೆ ಬಂದ್ರೆ ಗೊಂದಲ ಆಗಬಾರದು," ಎಂದರು. ಅವಳು ಬೇರೆ ಥರ ಹಾಕಿದಳು.

ತರಗತಿಯಲ್ಲಿ ಮಕ್ಕಳೆಲ್ಲ ಎದ್ದು ನಿಂತರು. ಯುಮ್ನಾ ಕೈ ಎತ್ತಿದಳು.

"ಹೊಸ ಮೇಡಂ ಬರ್ತಾರೆ ಅಂದಿದ್ರಲ್ಲ?"

"ಅವರು ರಜೆಯಲ್ಲಿದ್ದಾರೆ," ಎಂದಳು ಸಿಹಾಮ್. "ಪುಸ್ತಕ ತೆಗೀರಿ."